ಎಲ್‌-1ರಲ್ಲಿ ಅಳೆದ ಸೌರಮಾರುತವೇ ಭೂಮಿಗೆ ಬಂದು ತಾಕುತ್ತದೆಯೇ?

ಬಯಲುನಕ್ಷತ್ರ

ಎಲ್ಲರಿಗೂ ನಮಸ್ಕಾರ. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿ, ಸೂರ್ಯನಿಂದ ಬಂದ ದ್ರವ್ಯ ಬಡಿದು ಭೂಮಿಯ ಕಾಂತಕ್ಷೇತ್ರ ಕದಡುವ ಕಾಂತಬಿರುಗಾಳಿಯ ವಿಷಯ ಹೇಳಿದೆ. ಅಂದಿನಿಂದ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಹಿಡಿದು ಕೂತಿದ್ದಾರೆ.

ಮೊದಲನೆಯದು: ಸೂರ್ಯನ ಮೇಲಿನ ಸ್ಫೋಟ ನಮಗೆ ಎಂಟೇ ನಿಮಿಷದಲ್ಲಿ ಕಾಣುತ್ತದೆ, ಅಲ್ಲಿಂದ ಹೊರಟ ದ್ರವ್ಯ ಭೂಮಿಯನ್ನು ಮುಟ್ಟಲು ಒಂದರಿಂದ ಮೂರು ದಿನ ಬೇಕಾಗುತ್ತದೆ. ಹೀಗಿದ್ದೂ ಬಿರುಗಾಳಿ ಎಷ್ಟು ತೀವ್ರವಾಗಿರುತ್ತದೆ ಎಂದು ನಿಶ್ಚಯವಾಗಿ ಹೇಳಲು ಮುನ್ಸೂಚನೆಯವರು ಕೊನೆಯ ಅರ್ಧ ಗಂಟೆ, ಒಂದು ಗಂಟೆಯವರೆಗೆ ಏಕೆ ಕಾಯಬೇಕು?

ಎರಡನೆಯದು ನನಗೂ ಉತ್ತರಿಸಲು ಕಷ್ಟವಾದದ್ದು. ಹದಿನೈದು ಲಕ್ಷ ಕಿಲೋಮೀಟರ್ ದೂರದ ಎಲ್‌-1 ಎಂಬ ಬಿಂದುವಿನಲ್ಲಿ ಒಂದೇ ಒಂದು ನೌಕೆ ತನ್ನ ಪೆಟ್ಟಿಗೆಯಷ್ಟು ಜಾಗದಲ್ಲಿ ಅಳೆದದ್ದನ್ನು ಇಡೀ ಭೂಮಿಗೆ ಅನ್ವಯಿಸುವುದು ಹೇಗೆ ಸರಿ? ತಿಳಿದವರು ವಿವರವಾಗಿ ಬರೆದರೆ ಅವರ ಮುಂದೆ ಹಾಗೆಯೇ ಓದಿ ಹೇಳುತ್ತೇನೆ.

ಕಕ್ಷೆಗಾರ

ಬಯಲುನಕ್ಷತ್ರ ಅವರೇ, ಮೊದಲ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಸೂರ್ಯನನ್ನು ನೋಡುವ ಸೋಹೋ ನೌಕೆಯ ಕರೋನಾದರ್ಶಕವಾಗಲಿ (ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಪ್ರಭೆಯನ್ನು ತೋರಿಸುವ ಉಪಕರಣ), ನಮ್ಮ ಸೌರನೌಕೆ ಆದಿತ್ಯ-ಎಲ್‌1ರ ವಿಇಎಲ್‌ಸಿ ಎಂಬ ಅಂಥದೇ ಉಪಕರಣವಾಗಲಿ ತೋರಿಸುವುದು ಸೂರ್ಯನಿಂದ ಹೊರಟ ಮೋಡದ ಆಕಾರ, ದಿಕ್ಕು ಮತ್ತು ಅಂದಾಜು ವೇಗವನ್ನು. ಆ ಮೋಡವು ಹೊತ್ತು ತರುತ್ತಿರುವ ಕಾಂತಕ್ಷೇತ್ರ ಭೂಮಿಯನ್ನು ತಲುಪುವಾಗ ಯಾವ ದಿಕ್ಕಿಗೆ ಮುಖ ಮಾಡಿರುತ್ತದೆ ಎಂಬುದು ಆ ಚಿತ್ರಗಳಲ್ಲಿ ಇರುವುದಿಲ್ಲ. ಬಿರುಗಾಳಿಯ ತೀವ್ರತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ದಿಕ್ಕೇ. ಭೂಮಿಯ ಹಗಲಿನ ಬದಿಯ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿರುತ್ತದೆ. ಬಂದ ಕ್ಷೇತ್ರವೂ ಉತ್ತರಮುಖಿಯಾಗಿದ್ದರೆ ಸೌರಮಾರುತ, ಅಂದರೆ ಸೂರ್ಯನಿಂದ ಬೀಸಿಬರುವ ಆವೇಶಭರಿತ ಕಣಗಳ ಹರಿವು, ಹೆಚ್ಚಿನಂಶ ಪಕ್ಕಕ್ಕೆ ಸರಿದು ಹೋಗುತ್ತದೆ. ದಕ್ಷಿಣಮುಖಿಯಾಗಿದ್ದರೆ ಎರಡರ ಬಲರೇಖೆಗಳು ಕಡಿದು ಮರುಜೋಡಣೆಗೊಂಡು ಸೌರಮಾರುತದ ಶಕ್ತಿ ಭೂಮಿಯ ಕಾಂತಕ್ಷೇತ್ರ ಆವರಿಸಿದ ಕಾಂತಗೋಳದೊಳಕ್ಕೆ ಹರಿಯಲು ದಾರಿ ತೆರೆದುಕೊಳ್ಳುತ್ತದೆ. 1961ರಲ್ಲಿ ಜೇಮ್ಸ್ ಡಂಜಿ ಮಂಡಿಸಿದ ಈ ವಿಚಾರವೇ ಇಂದಿನ ಎಲ್ಲ ಮುನ್ಸೂಚನೆಯ ತಳಹದಿ. ಈ ಉತ್ತರ-ದಕ್ಷಿಣ ಘಟಕವನ್ನು ಬಿ-ಝಡ್ ಎಂದು ಕರೆಯುತ್ತಾರೆ. ಅದನ್ನು ದೂರದಿಂದ ನೋಡಿ ತಿಳಿಯುವ ನಂಬಲರ್ಹ ವಿಧಾನ ಇಂದಿಗೂ ಇಲ್ಲದಿರುವುದರಿಂದ ಆ ದ್ರವ್ಯದ ನಡುವೆಯೇ ಒಂದು ಮ್ಯಾಗ್ನೆಟೋಮೀಟರ್ ಇಟ್ಟು ಅಳೆಯಬೇಕಾಗುತ್ತದೆ.

ಎಲ್ಲಿಡಬೇಕು ಎನ್ನುವುದಕ್ಕೆ ಉತ್ತರ ಎಲ್‌-1. ಸೂರ್ಯನಿಗೆ ಭೂಮಿಗಿಂತ ಹತ್ತಿರದಲ್ಲಿ ಸುತ್ತುವ ವಸ್ತು ವರ್ಷಕ್ಕಿಂತ ಬೇಗ ಸುತ್ತು ಮುಗಿಸಿ ಮುಂದೆ ಓಡಿಬಿಡುತ್ತದೆ. ಆದರೆ ಈ ಬಿಂದುವಿನಲ್ಲಿ ಭೂಮಿಯ ಎಳೆತ ಸೂರ್ಯನ ಎಳೆತವನ್ನು ತಕ್ಕಷ್ಟೇ ಕಡಿಮೆ ಮಾಡುವುದರಿಂದ ನೌಕೆ ಭೂಮಿಯ ಜೊತೆಜೊತೆಗೇ ವರ್ಷಕ್ಕೊಂದು ಸುತ್ತು ಬರುತ್ತ ಸದಾ ಸೂರ್ಯ ಮತ್ತು ಭೂಮಿಯ ನಡುವೆ ಉಳಿಯುತ್ತದೆ. ದೂರ ಹದಿನೈದು ಲಕ್ಷ ಕಿ.ಮೀ., ಅಂದರೆ ಸೂರ್ಯನವರೆಗಿನ ದಾರಿಯಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ. ಸೆಕೆಂಡಿಗೆ 400 ಕಿ.ಮೀ. ವೇಗದ ಸಾಮಾನ್ಯ ಸೌರಮಾರುತ ಆ ದೂರವನ್ನು 62 ನಿಮಿಷದಲ್ಲಿ ಕ್ರಮಿಸುತ್ತದೆ, 800 ಕಿ.ಮೀ. ವೇಗದ್ದಾದರೆ 31 ನಿಮಿಷ. ನಿಮ್ಮ ವಿದ್ಯಾರ್ಥಿಗಳು ಕೇಳಿದ ಅರ್ಧ ಗಂಟೆ, ಒಂದು ಗಂಟೆ ಬಂದದ್ದು ಈ ಭಾಗಾಕಾರದಿಂದ.

ತರಗತಿಯಲ್ಲಿ ಹೇಳಲು ಒಂದು ಹೋಲಿಕೆ ಬೇಕಿದ್ದರೆ ಕೃಷ್ಣಾ ನದಿಯನ್ನು ತೆಗೆದುಕೊಳ್ಳಿ. ಕೊಯ್ನಾ ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದನ್ನು ನೋಡಿ ಚಿಕ್ಕೋಡಿಯ ನದಿತೀರದವರು ಸಾಮಾನು ಕಟ್ಟುತ್ತಾರಲ್ಲವೇ? ಎಲ್‌-1ರ ನೌಕೆ ಮೇಲ್ಹರಿವಿನಲ್ಲಿ ಅಳೆಯುವ ಅಂಥ ಠಾಣೆ.

ಎರಡನೇಓದು

ಕಕ್ಷೆಗಾರರ ವಿವರಣೆ ಸರಿಯಾಗಿದೆ, ಹೋಲಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಪ್ಪದಿರುವ ಕಾರಣದಲ್ಲೇ ಬಯಲುನಕ್ಷತ್ರ ಅವರ ಎರಡನೇ ಪ್ರಶ್ನೆಗೆ ಉತ್ತರವಿದೆ.

ಕೊಯ್ನಾದಿಂದ ಬಿಟ್ಟ ನೀರಿಗೆ ಎರಡು ದಡಗಳಿವೆ, ಅದು ಚಿಕ್ಕೋಡಿಯ ಬಳಿ ಹಾಯಲೇಬೇಕು. ಸೌರಮಾರುತಕ್ಕೆ ದಡವಿಲ್ಲ. ಅದು ಎಲ್ಲ ದಿಕ್ಕಿಗೂ ಹರಡಿ ಹರಿಯುತ್ತಿರುವಾಗ ನೌಕೆಯ ಮೇಲೆ ಹಾದ ದ್ರವ್ಯವೇ ಭೂಮಿಗೆ ತಾಕಬೇಕೆಂಬ ನಿಯಮವೇನೂ ಇಲ್ಲ. ಅಷ್ಟೇ ಅಲ್ಲದೆ ನೌಕೆ ನೇರ ಗೆರೆಯ ಮೇಲೆ ಇರುವುದೂ ಇಲ್ಲ. ಸೂರ್ಯ ಮತ್ತು ಭೂಮಿಯನ್ನು ಜೋಡಿಸುವ ಗೆರೆಯ ಮೇಲೆಯೇ ನಿಲ್ಲಿಸಿದರೆ ಭೂಮಿಯ ಆಂಟೆನಾ ಅದರತ್ತ ತಿರುಗಿದಾಗ ಹಿನ್ನೆಲೆಯಲ್ಲಿ ಸೂರ್ಯನ ರೇಡಿಯೋ ಗದ್ದಲವೇ ತುಂಬಿಕೊಂಡು ನೌಕೆಯ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ಆದ್ದರಿಂದ ಎಲ್‌-1ರ ಸುತ್ತ ದೊಡ್ಡ ಹೇಲೋ ಕಕ್ಷೆಯಲ್ಲಿ ಸುತ್ತಿಸುತ್ತಾರೆ. ಸೋಹೋ ಗೆರೆಯಿಂದ ಪಕ್ಕಕ್ಕೆ ಸುಮಾರು 6.6 ಲಕ್ಷ ಕಿ.ಮೀ. ದೂರದವರೆಗೆ ಹೋಗುತ್ತದೆ, ಆದಿತ್ಯ-ಎಲ್‌1ರ ಕಕ್ಷೆಯೂ ಹೆಚ್ಚುಕಡಿಮೆ ಅದೇ ಅಳತೆಯದು. ಭೂಮಿಯ ತ್ರಿಜ್ಯದಲ್ಲಿ ಹೇಳುವುದಾದರೆ ನೂರು ತ್ರಿಜ್ಯಗಳಷ್ಟು. ನಮ್ಮ ಕಾಂತಗೋಳವಾದರೋ ಭೂಮಿಯಿಂದ ಎರಡೂ ಬದಿಗೆ ಸುಮಾರು ಹದಿನೈದು ತ್ರಿಜ್ಯಗಳಷ್ಟು ಚಾಚಿರುವ ಗುರಿ. ಅಂದರೆ ವರ್ಷದ ಬಹುಕಾಲ ನೌಕೆ ಅಳೆಯುತ್ತಿರುವ ದ್ರವ್ಯ ಭೂಮಿಯ ಪಕ್ಕದಿಂದ ಹಾದುಹೋಗುವ ದ್ರವ್ಯ.

ಇಷ್ಟಾದರೂ ಇದು ಕೆಲಸ ಮಾಡುತ್ತದಲ್ಲ ಎಂದು ಕೇಳಬಹುದು. ಸೌರಮಾರುತದಲ್ಲಿನ ರಚನೆಗಳು ದೊಡ್ಡವಾಗಿರುವಾಗ ಮಾತ್ರ ಕೆಲಸ ಮಾಡುತ್ತದೆ. ಭೂಮಿಯ ಬಳಿಗೆ ಬರುವ ಹೊತ್ತಿಗೆ ಸ್ಫೋಟದ ಮೋಡವೊಂದು ಕೋಟಿಗಟ್ಟಲೆ ಕಿಲೋಮೀಟರ್ ಅಗಲವಾಗಿರುತ್ತದೆ, ಅದರೊಳಗೆ ಆರು ಲಕ್ಷ ಕಿ.ಮೀ. ಅತ್ತಿತ್ತ ಆದರೂ ಒಟ್ಟು ಚಿತ್ರ ಬದಲಾಗದು. ಆದರೆ ಆ ಮೋಡದ ಮುಂದೆ ಒತ್ತರಿಸಿಕೊಂಡು ಬರುವ ಕಲಕಿದ ಪ್ರದೇಶದಲ್ಲಿ ಬಿ-ಝಡ್ ಕೆಲವೇ ನಿಮಿಷಗಳಲ್ಲಿ ಉತ್ತರ-ದಕ್ಷಿಣ ಹೊಯ್ದಾಡುತ್ತದೆ. ಅಲ್ಲಿ ಒಂದೇ ನೌಕೆಯ ಅಳತೆಯನ್ನು ಭೂಮಿಯ ಅಳತೆ ಎಂದು ಒಪ್ಪಿಕೊಳ್ಳುವುದು ನನ್ನ ಪ್ರಕಾರ ಅನಿವಾರ್ಯತೆಯಿಂದ ಬಂದ ಅಭ್ಯಾಸ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ.

ಹಳೆಯಕಡತ

ಈ ಸಂಶಯ ಎಷ್ಟು ಹಳೆಯದು ಎಂಬುದನ್ನು ದಾಖಲಿಸುವುದು ಒಳ್ಳೆಯದು.

1958ರಲ್ಲಿ ಯೂಜೀನ್ ಪಾರ್ಕರ್ ಸೌರಮಾರುತ ಶಬ್ದವನ್ನೂ ಮೀರಿದ ವೇಗದಲ್ಲಿ ನಿರಂತರವಾಗಿ ಬೀಸುತ್ತಿರಲೇಬೇಕು ಎಂದು ಲೆಕ್ಕ ಹಾಕಿ ತೋರಿಸಿದಾಗ ಬಹಳ ಜನ ನಂಬಲಿಲ್ಲ. 1959ರಲ್ಲಿ ಸೋವಿಯತ್ ಲೂನಾ ನೌಕೆಗಳ ಅಯಾನು ಬಲೆಗಳು ಅಂಥ ಕಣಪ್ರವಾಹವನ್ನು ಹಿಡಿದವು. 1962ರಲ್ಲಿ ಶುಕ್ರಗ್ರಹಕ್ಕೆ ಹೊರಟಿದ್ದ ಮ್ಯಾರಿನರ್-2 ದಾರಿಯುದ್ದಕ್ಕೂ ತಿಂಗಳುಗಟ್ಟಲೆ ಅಳೆದು ಅದು ಒಂದು ದಿನವೂ ನಿಲ್ಲದೆ ಬೀಸುತ್ತದೆ ಎಂಬುದನ್ನು ಖಚಿತಪಡಿಸಿತು. ಅನಂತರ ಬಂದ ಅಮೆರಿಕದ ಐಎಂಪಿ ಸರಣಿಯ ಉಪಗ್ರಹಗಳು ಭೂಮಿಯನ್ನೇ ಸುತ್ತುತ್ತಿದ್ದವು. 1973ರ ಐಎಂಪಿ-8 ಆ ಸರಣಿಯಲ್ಲಿ ಅತ್ಯಂತ ದೀರ್ಘಕಾಲ ದುಡಿದದ್ದು, ಆದರೆ ಹನ್ನೆರಡೂವರೆ ದಿನಗಳ ತನ್ನ ಪ್ರತಿ ಸುತ್ತಿನಲ್ಲಿ ಏಳೆಂಟು ದಿನ ಮಾತ್ರ ಅದು ಶುದ್ಧ ಸೌರಮಾರುತದಲ್ಲಿ ಇರುತ್ತಿತ್ತು. ಉಳಿದ ಕಾಲ ಭೂಮಿಯ ಮುಂದಿನ ಬಿಲ್ಲಿನಾಕಾರದ ಆಘಾತದ (ಸೌರಮಾರುತ ಕಾಂತಗೋಳಕ್ಕೆ ಎದುರಾಗಿ ಹಠಾತ್ತನೆ ನಿಧಾನಗೊಳ್ಳುವ ಗಡಿಯ) ಒಳಗೆ, ಅಂದರೆ ಭೂಮಿ ಆಗಲೇ ಕದಡಿದ ದ್ರವ್ಯದಲ್ಲಿ.

ಎಲ್‌-1ಕ್ಕೆ ಮೊದಲು ಹೋದದ್ದು ಐಎಸ್‌ಇಇ-3. 1978ರ ಆಗಸ್ಟ್ 12ರಂದು ಹೊರಟು ಅದೇ ನವೆಂಬರಿನಲ್ಲಿ ಹೇಲೋ ಕಕ್ಷೆ ಸೇರಿತು. ಆ ಕಕ್ಷೆಯನ್ನು ರೂಪಿಸಿದವರಲ್ಲಿ ಮುಖ್ಯರು ರಾಬರ್ಟ್ ಫಾರ್ಕ್ಹರ್. ಎಲ್‌-1ರಲ್ಲಿ ಒಂದು, ಭೂಮಿಯ ಬಳಿ ಇನ್ನೊಂದು ನೌಕೆ ಇದ್ದ ಕಾರಣ ಎರಡೂ ಒಂದೇ ಸೌರಮಾರುತವನ್ನು ನೋಡುತ್ತವೆಯೇ ಎಂದು ಹೋಲಿಸಿ ನೋಡಲು ಮೊದಲ ಬಾರಿಗೆ ಸಾಧ್ಯವಾಯಿತು. ಎರಡನೇಓದು ಅವರು ಹೇಳಿದಂತೆಯೇ ಗೆರೆಯಿಂದ ಪಕ್ಕಕ್ಕೆ ದೂರವಾದಷ್ಟೂ ಹೊಂದಾಣಿಕೆ ಕುಗ್ಗುತ್ತದೆ ಎಂದು ಕಂಡುಬಂತು. ವೇಗ ಮತ್ತು ಸಾಂದ್ರತೆ ಚೆನ್ನಾಗಿ ಹೊಂದುತ್ತವೆ, ಕಾಂತಕ್ಷೇತ್ರದ ದಿಕ್ಕು ಅಷ್ಟಾಗಿ ಹೊಂದುವುದಿಲ್ಲ.

ಆಮೇಲೆ ನಡೆದದ್ದನ್ನು ಮರೆಯಬಾರದು. 1982ರಲ್ಲಿ ಆ ನೌಕೆಯನ್ನು ಎಲ್‌-1ರಿಂದ ಹೊರಡಿಸಿ ಧೂಮಕೇತುವಿನತ್ತ ತಿರುಗಿಸಿದರು. 1985ರಲ್ಲಿ ಅದು ಜಿಯಾಕೊಬಿನಿ-ಝಿನ್ನರ್ ಧೂಮಕೇತುವಿನ ಬಾಲವನ್ನು ಹಾದುಹೋಗಿ ಧೂಮಕೇತುವನ್ನು ಸಮೀಪಿಸಿದ ಮೊದಲ ನೌಕೆಯಾಯಿತು. ಸಾಧನೆ ದೊಡ್ಡದೇ. ಆದರೆ ಎಲ್‌-1 ಖಾಲಿಯಾಯಿತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಕಾಂತಬಿರುಗಾಳಿಯಿಂದ ಕುಸಿದು ಅರವತ್ತು ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದಾಗ ಮೇಲ್ಹರಿವಿನಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಆ ಬಿರುಗಾಳಿಯನ್ನು ಇಂದು ಮರುಲೆಕ್ಕ ಹಾಕುವವರಿಗೆ ಸೌರಮಾರುತದ ದತ್ತಾಂಶ ಬಹುಪಾಲು ಸಿಗುವುದೇ ಇಲ್ಲ.

1994ರಲ್ಲಿ ವಿಂಡ್, 1995ರಲ್ಲಿ ಸೋಹೋ, 1997ರ ಆಗಸ್ಟಿನಲ್ಲಿ ಏಸ್ ನೌಕೆಗಳು ಹೊರಟ ಮೇಲೆ ಸ್ಥಿತಿ ಬದಲಾಯಿತು.

ಅಳತೆಗೋಲು

ಇಲ್ಲಿಯವರೆಗೆ ಎಲ್ಲಿ ಅಳೆಯುತ್ತಾರೆ ಎಂಬುದರ ಚರ್ಚೆಯಾಯಿತು. ಹೇಗೆ ಅಳೆಯುತ್ತಾರೆ ಎಂಬುದನ್ನೂ ನೋಡಬೇಕು, ಏಕೆಂದರೆ ಈ ಅಳತೆಗಳ ನಿಜವಾದ ಕಷ್ಟ ಅಲ್ಲಿದೆ.

ಭೂಮಿಯ ಬಳಿ ಸಾಮಾನ್ಯ ಸೌರಮಾರುತ ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನ್, ಐದು ನ್ಯಾನೋಟೆಸ್ಲಾ ಕಾಂತಕ್ಷೇತ್ರ. ಬೆಂಗಳೂರಿನಲ್ಲಿ ನೆಲದ ಮೇಲಿನ ಕಾಂತಕ್ಷೇತ್ರ ಸುಮಾರು ನಲವತ್ತು ಸಾವಿರ ನ್ಯಾನೋಟೆಸ್ಲಾ ಇರುತ್ತದೆ. ಅಂದರೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕ್ಷೇತ್ರದ ಎಂಟು ಸಾವಿರದ ಒಂದು ಪಾಲನ್ನು, ಅದೂ ಮೂರೂ ದಿಕ್ಕಿನ ಘಟಕಗಳನ್ನು ಬೇರೆಬೇರೆಯಾಗಿ, ವಿದ್ಯುತ್ ಹರಿಯುತ್ತಿರುವ ಒಂದು ಯಂತ್ರದ ಪಕ್ಕದಲ್ಲಿ ಅಳೆಯಬೇಕು. ನೌಕೆಯ ತಂತಿ, ಬ್ಯಾಟರಿ, ಮೋಟಾರುಗಳ ಕ್ಷೇತ್ರವೇ ಅದಕ್ಕಿಂತ ಹೆಚ್ಚಿರಬಹುದು. ಆದ್ದರಿಂದ ಮ್ಯಾಗ್ನೆಟೋಮೀಟರನ್ನು ಉದ್ದನೆಯ ತೋಳಿನ ತುದಿಗೆ ಕಟ್ಟುತ್ತಾರೆ. ಆದಿತ್ಯ-ಎಲ್‌1ರ ತೋಳು ಆರು ಮೀಟರ್ ಉದ್ದದ್ದು, ಉಡಾವಣೆಯ ನಂತರ ಮಡಚಿಯೇ ಇದ್ದು 2024ರ ಜನವರಿ 11ರಂದು ಬಿಚ್ಚಿಕೊಂಡಿತು. ಅದರ ಮೇಲೆ ಎರಡು ಸಂವೇದಕಗಳಿವೆ, ಮೂರು ಮೀಟರಿನಲ್ಲಿ ಒಂದು, ಆರು ಮೀಟರಿನ ತುದಿಯಲ್ಲಿ ಇನ್ನೊಂದು. ಎರಡು ಏಕೆ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ: ನೌಕೆಯನ್ನು ಒಂದು ಪುಟ್ಟ ಕಾಂತದ್ವಿಧ್ರುವಿ ಎಂದು ಭಾವಿಸಿದರೆ ಅದರ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ, ದೂರ ಇಮ್ಮಡಿಯಾದಾಗ ಎಂಟನೇ ಒಂದು ಪಾಲಾಗುತ್ತದೆ. ಸೌರಮಾರುತದ ಕ್ಷೇತ್ರವಾದರೋ ಎರಡೂ ಕಡೆ ಒಂದೇ. ಎರಡು ಅಳತೆ, ಎರಡು ಅಜ್ಞಾತ ರಾಶಿ, ಸರಳ ಸಮೀಕರಣ.

ಇಷ್ಟಕ್ಕೇ ಮುಗಿಯುವುದಿಲ್ಲ. ಸಂವೇದಕಕ್ಕೆ ತನ್ನದೇ ಆದ ಸೊನ್ನೆಯ ದೋಷವಿರುತ್ತದೆ ಮತ್ತು ಅದು ತಾಪಮಾನ, ವಯಸ್ಸಿನೊಂದಿಗೆ ಮೆಲ್ಲನೆ ಸರಿಯುತ್ತಿರುತ್ತದೆ. ವಿಂಡ್ ಮತ್ತು ಏಸ್ ತಮ್ಮ ಅಕ್ಷದ ಸುತ್ತ ಬುಗುರಿಯಂತೆ ತಿರುಗುವ ನೌಕೆಗಳು, ವಿಂಡ್ ನಿಮಿಷಕ್ಕೆ ಇಪ್ಪತ್ತು ಸುತ್ತು, ಏಸ್ ಐದು. ನೌಕೆ ತಿರುಗಿದಾಗ ಹೊರಗಿನ ಕ್ಷೇತ್ರ ಸಂವೇದಕಕ್ಕೆ ಏರಿಳಿಯುವಂತೆ ಕಾಣುತ್ತದೆ, ಸೊನ್ನೆಯ ದೋಷ ಮಾತ್ರ ಅಲುಗದೆ ನಿಲ್ಲುತ್ತದೆ, ಬೇರ್ಪಡಿಸುವುದು ಸುಲಭ. ಡಿಸ್ಕವರ್, ಆದಿತ್ಯ ಮುಂತಾದ ಸದಾ ಸೂರ್ಯನತ್ತ ನೆಟ್ಟು ನಿಲ್ಲುವ ನೌಕೆಗಳಿಗೆ ಈ ಅನುಕೂಲವಿಲ್ಲ. ಅವುಗಳಲ್ಲಿ ಆಗಾಗ ನೌಕೆಯನ್ನೇ ಉರುಳಿಸಿ ನೋಡಬೇಕು, ಇಲ್ಲವೇ ಸೌರಮಾರುತದ ಒಂದು ಸ್ವಭಾವದ ನೆರವು ಪಡೆಯಬೇಕು: ಅದರಲ್ಲಿ ಹಾಯುವ ಆಲ್ಫ್‌ವೆನ್ ಅಲೆಗಳು ಕ್ಷೇತ್ರದ ದಿಕ್ಕನ್ನು ತಿರುಗಿಸುತ್ತವೆಯೇ ಹೊರತು ಪರಿಮಾಣವನ್ನು ಬಹಳ ಬದಲಿಸುವುದಿಲ್ಲ. ದಿಕ್ಕು ಬದಲಾದಂತೆಲ್ಲ ಪರಿಮಾಣವೂ ಬದಲಾಗುತ್ತಿರುವಂತೆ ಕಂಡರೆ ಅದು ಸೊನ್ನೆಯ ದೋಷದ ಗುರುತು. ಒಂದೆರಡು ನ್ಯಾನೋಟೆಸ್ಲಾ ತಪ್ಪಿದರೂ ಸಾಧಾರಣ ದಿನದಲ್ಲಿ ಉತ್ತರ ದಕ್ಷಿಣವಾಗಿಬಿಡಬಹುದು ಎಂಬುದನ್ನು ನೆನಪಿಡಬೇಕು.

ಕಣಗಳನ್ನು ಅಳೆಯಲು ಎರಡು ಮಾರ್ಗಗಳಿವೆ. ಫ್ಯಾರಡೇ ಬಟ್ಟಲಿನಲ್ಲಿ ಒಂದು ಜಾಲರಿಯ ವೋಲ್ಟೇಜನ್ನು ಎರಡು ಮಟ್ಟಗಳ ನಡುವೆ ವೇಗವಾಗಿ ಏರಿಳಿಸುತ್ತಾರೆ. ಆ ಎರಡು ಮಟ್ಟಗಳ ನಡುವಣ ಶಕ್ತಿಯುಳ್ಳ ಅಯಾನುಗಳು ಒಮ್ಮೆ ಒಳಗೆ ಬಂದು ಒಮ್ಮೆ ತಡೆಯಲ್ಪಟ್ಟು ಹಿಂದಿನ ಫಲಕದಲ್ಲಿ ಏರಿಳಿಯುವ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತವೆ. ಬಿಸಿಲು ಬಿದ್ದು ಹೊರಬರುವ ಎಲೆಕ್ಟ್ರಾನುಗಳ ಪ್ರವಾಹ ಸ್ಥಿರವಾಗಿರುವುದರಿಂದ ಅದನ್ನು ಬಿಟ್ಟು ಏರಿಳಿತವನ್ನು ಮಾತ್ರ ಅಳೆದರೆ ಸಾಕು. ಇನ್ನೊಂದು ಮಾರ್ಗದಲ್ಲಿ ಬಾಗಿದ ಎರಡು ಲೋಹದ ತಟ್ಟೆಗಳ ನಡುವೆ ವೋಲ್ಟೇಜ್ ಕೊಟ್ಟು, ನಿರ್ದಿಷ್ಟ ಶಕ್ತಿಯ ಕಣಗಳು ಮಾತ್ರ ಗೋಡೆಗೆ ತಾಕದೆ ಹಾದುಬರುವಂತೆ ಮಾಡಿ ಒಂದೊಂದನ್ನೂ ಎಣಿಸುತ್ತಾರೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಆದಿತ್ಯಕ್ಕಾಗಿ ನಿರ್ಮಿಸಿದ ಆಸ್ಪೆಕ್ಸ್ ಉಪಕರಣದ ಸ್ವಿಸ್ (SWIS) ಎಂಬ ಭಾಗ ಈ ಬಗೆಯದು. ಪರಸ್ಪರ ಲಂಬವಾದ ಎರಡು ಸಮತಲಗಳಲ್ಲಿ ನೋಡುವ ಎರಡು ವಿಶ್ಲೇಷಕಗಳು ಅದರಲ್ಲಿವೆ. ಸೆಕೆಂಡಿಗೆ 400 ಕಿ.ಮೀ. ವೇಗದ ಪ್ರೋಟಾನಿನ ಶಕ್ತಿ ಸುಮಾರು 800 ಎಲೆಕ್ಟ್ರಾನ್‌ವೋಲ್ಟ್. ಅದೇ ವೇಗದ ಆಲ್ಫಾ ಕಣದ (ಹೀಲಿಯಂ ನ್ಯೂಕ್ಲಿಯಸ್) ದ್ರವ್ಯರಾಶಿ ನಾಲ್ಕು ಪಟ್ಟು, ಆವೇಶ ಎರಡು ಪಟ್ಟು ಆದ್ದರಿಂದ ಅದು ಇಮ್ಮಡಿ ವೋಲ್ಟೇಜಿನಲ್ಲಿ ಎರಡನೆಯ ಚಿಕ್ಕ ಗುಡ್ಡೆಯಾಗಿ ಕಾಣಿಸುತ್ತದೆ. ಸ್ಫೋಟದ ಮೋಡ ಬಂದಾಗ ಆ ಗುಡ್ಡೆ ಸಾಮಾನ್ಯಕ್ಕಿಂತ ಎತ್ತರವಾಗುವುದುಂಟು.

ಬಯಲುನಕ್ಷತ್ರ

ಬಹಳ ಉಪಕಾರವಾಯಿತು. ಎರಡು ಸಂವೇದಕಗಳ ಸಮೀಕರಣವನ್ನು ನಾಳೆಯೇ ಹಲಗೆಯ ಮೇಲೆ ಬಿಡಿಸುತ್ತೇನೆ.

ಇನ್ನೊಂದು ಪ್ರಶ್ನೆ. ಆದಿತ್ಯ ಎಲ್‌-1ರಲ್ಲಿಯೇ ಇದೆ, ಅದರಲ್ಲಿ ಮ್ಯಾಗ್ನೆಟೋಮೀಟರೂ ಕಣಮಾಪಕಗಳೂ ಇವೆ, ಸಂಕೇತ ಇಳಿಯುವುದು ಬೆಂಗಳೂರಿನ ಬಳಿಯ ಬ್ಯಾಲಾಳಿನ ಆಂಟೆನಾ ಕೇಂದ್ರಕ್ಕೆ. ಹಾಗಿದ್ದೂ ನಿಮಿಷ ನಿಮಿಷದ ನೇರ ನಕ್ಷೆ ಬೇಕೆಂದಾಗ ನಾವು ಅಮೆರಿಕದ ಪುಟವನ್ನೇ ತೆರೆಯುತ್ತೇವಲ್ಲ, ಏಕೆ?

ಕಕ್ಷೆಗಾರ

ಉಪಕರಣ ಇರುವುದು ಬೇರೆ, ಕಾವಲು ಇರುವುದು ಬೇರೆ. ಆದಿತ್ಯ ವಿಜ್ಞಾನದ ನೌಕೆ, ಅದರ ಏಳು ಉಪಕರಣಗಳಲ್ಲಿ ಹೆಚ್ಚು ದತ್ತಾಂಶ ಹುಟ್ಟಿಸುವವು ಸೂರ್ಯನ ಚಿತ್ರ ತೆಗೆಯುವಂಥವು. ಅವುಗಳನ್ನು ನೌಕೆಯಲ್ಲಿ ಸಂಗ್ರಹಿಸಿಟ್ಟು ಆಂಟೆನಾ ಸಿಕ್ಕ ಅವಧಿಯಲ್ಲಿ ಇಳಿಸಿ, ಪರಿಷ್ಕರಿಸಿ, ಇಸ್ರೋದ ಪ್ರದಾನ್ ತಾಣದ ಮೂಲಕ ಬಿಡುಗಡೆ ಮಾಡುವ ಕ್ರಮವಿದೆ. ಇಪ್ಪತ್ನಾಲ್ಕು ಗಂಟೆಯೂ ಬಿಡದೆ ಕೇಳಿಸಿಕೊಳ್ಳುವುದಾದರೆ ಬ್ಯಾಲಾಳು ಒಂದರಿಂದ ಆಗದು. ಎಲ್‌-1 ಯಾವಾಗಲೂ ಸೂರ್ಯನ ದಿಕ್ಕಿನಲ್ಲೇ ಇರುವುದರಿಂದ ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನೌಕೆಯೂ ಮುಳುಗುತ್ತದೆ. ಭೂಮಿಯ ಸುತ್ತ ಬೇರೆ ಬೇರೆ ರೇಖಾಂಶಗಳಲ್ಲಿ ಕನಿಷ್ಠ ಮೂರು ಕಡೆಯಾದರೂ ಆಂಟೆನಾಗಳು ಸರದಿಯಂತೆ ಕೇಳುತ್ತಿರಬೇಕು. ಏಸ್ ನೌಕೆಗೆ ಮಾಡಿದ್ದು ಅದನ್ನೇ: ಅದು ತನ್ನ ಅಳತೆಗಳಲ್ಲಿ ಮುಖ್ಯವಾದ ಕೆಲವನ್ನು ಮಾತ್ರ ಕಡಿಮೆ ದರದಲ್ಲಿ ನಿರಂತರವಾಗಿ ಬಿತ್ತರಿಸುತ್ತದೆ, ಹಲವು ದೇಶಗಳ ಆಂಟೆನಾಗಳು ಅದನ್ನು ಹಿಡಿದು ಒಂದೆಡೆ ಸೇರಿಸುತ್ತವೆ. ನಮ್ಮ ದೇಶಕ್ಕೂ ಅಂಥ ಒಂದು ಚಿಕ್ಕ, ಕ್ಯಾಮೆರಾ ಇಲ್ಲದ, ಮ್ಯಾಗ್ನೆಟೋಮೀಟರ್ ಮತ್ತು ಫ್ಯಾರಡೇ ಬಟ್ಟಲು ಮಾತ್ರವಿರುವ ನೌಕೆ ಬೇಕು ಎಂಬುದು ನನ್ನ ಅಭಿಪ್ರಾಯ. ಆದಿತ್ಯನಿಂದ ಆ ಕೆಲಸವನ್ನೂ ನಿರೀಕ್ಷಿಸುವುದು ನ್ಯಾಯವಲ್ಲ.

ಮೇ 2024ರ ಬಿರುಗಾಳಿಯಲ್ಲಿ ಆದಿತ್ಯ ಏನನ್ನು ಕೊಟ್ಟಿತು ಎಂದರೆ ಇನ್ನೊಂದು ಸ್ಥಾನದಿಂದ ಸ್ವತಂತ್ರವಾದ ಅಳತೆಯನ್ನು ಕೊಟ್ಟಿತು. ಎರಡನೇಓದು ಅವರ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ವಿಂಡ್, ಏಸ್, ಡಿಸ್ಕವರ್, ಆದಿತ್ಯ ನಾಲ್ಕೂ ಎಲ್‌-1ರ ಸುತ್ತ ಬೇರೆ ಬೇರೆ ಜಾಗದಲ್ಲಿರುವಾಗ ಸ್ಫೋಟದ ಮೋಡದ ಮುಂದೆ ಸಾಗುವ ಆಘಾತದ ಅಲೆಯ ಮುಖ ಯಾವುದನ್ನು ಮೊದಲು ದಾಟಿತು, ಯಾವುದನ್ನು ಆಮೇಲೆ ದಾಟಿತು ಎಂಬುದರಿಂದಲೇ ಅದರ ಓರೆಯನ್ನು ಲೆಕ್ಕ ಹಾಕಬಹುದು.

ಎರಡನೇಓದು

ಓರೆಯ ವಿಷಯ ಬಂದದ್ದು ಒಳ್ಳೆಯದಾಯಿತು. ಮೇಲೆ ಮಾಡಿದ 62 ನಿಮಿಷದ ಭಾಗಾಕಾರ ಮುಖ ನೆಟ್ಟಗಿದ್ದರೆ ಮಾತ್ರ ಸರಿ. ಸೂರ್ಯ ತಿರುಗುತ್ತಿರುವುದರಿಂದ ಸೌರಮಾರುತದ ಕಾಂತರೇಖೆಗಳು ಸುರುಳಿಯಾಗಿ ಹರಡಿ, ಭೂಮಿಯ ಬಳಿ ಗೆರೆಗೆ ಸುಮಾರು 45 ಡಿಗ್ರಿ ವಾಲಿರುತ್ತವೆ, ಅದರಲ್ಲಿನ ಅನೇಕ ರಚನೆಗಳೂ ಹಾಗೆಯೇ ವಾಲಿರುತ್ತವೆ. 45 ಡಿಗ್ರಿ ಓರೆಯಾದ ಮುಖವೊಂದು ಪಕ್ಕಕ್ಕೆ 2.4 ಲಕ್ಷ ಕಿ.ಮೀ. ದೂರದಲ್ಲಿರುವ ನೌಕೆಗೂ ಗೆರೆಗೂ ತಲುಪುವ ಹೊತ್ತಿನಲ್ಲಿ, 400 ಕಿ.ಮೀ. ವೇಗದಲ್ಲಿ, ಹತ್ತು ನಿಮಿಷದ ವ್ಯತ್ಯಾಸ ಬೀಳುತ್ತದೆ. ಅದು ಮುನ್ಸೂಚನೆಗೆ ಲಾಭವೂ ಆಗಬಹುದು, ನಷ್ಟವೂ ಆಗಬಹುದು. ಸಂಶೋಧಕರು ಬಳಸುವ, ಹಲವು ನೌಕೆಗಳ ಅಳತೆ ಕೂಡಿಸಿದ ಓಮ್ನಿ ದತ್ತಾಂಶದಲ್ಲಿ ಪ್ರತಿ ಅಳತೆಯ ಜೊತೆಗೆ ಈ ಓರೆಯನ್ನು ಅಂದಾಜಿಸಿ ಭೂಮಿಯ ಬಿಲ್ಲಿನಾಘಾತದ ಮೂಗಿನವರೆಗೆ ಕಾಲವನ್ನು ಸರಿಸಿ ಕೊಟ್ಟಿರುತ್ತಾರೆ. ಅದನ್ನು ಎಲ್‌-1ರ ಅಳತೆಯೆಂದು ಓದುವವರು ಬಹಳ ಮಂದಿ ಇದ್ದಾರೆ.

ಇನ್ನು ನನ್ನ ಮುಖ್ಯ ಅಸಮಾಧಾನ: ಈ ಕಾವಲುಗಾರರು ಅತ್ಯಂತ ಬೇಕಾದ ಗಳಿಗೆಯಲ್ಲಿ ಕಣ್ಣು ಕಳೆದುಕೊಳ್ಳುತ್ತಾರೆ. 2003ರ ಅಕ್ಟೋಬರ್ 28ರ ಸ್ಫೋಟದ ಆಘಾತ ಹತ್ತೊಂಬತ್ತು ಗಂಟೆಯೊಳಗೆ ಭೂಮಿಯನ್ನು ಮುಟ್ಟಿತು. ಅದಕ್ಕೂ ಮೊದಲೇ ಬಂದ ಹೆಚ್ಚು ಶಕ್ತಿಯ ಪ್ರೋಟಾನುಗಳು ಏಸ್‌ನ ಕಣಮಾಪಕದ ಗೋಡೆಯನ್ನೇ ತೂರಿ ಒಳಗಿನ ಎಣಿಕೆಯಂತ್ರವನ್ನು ನೇರವಾಗಿ ಬಡಿದವು. ಸೌರಮಾರುತದ ಕಿರಣ ಯಾವ ಶಕ್ತಿಯಲ್ಲಿದೆ ಎಂದು ತಾನೇ ಹುಡುಕಿ ಹಿಂಬಾಲಿಸುವ ಉಪಕರಣ ಆ ಗದ್ದಲದಲ್ಲಿ ದಾರಿ ತಪ್ಪಿತು. ಇಡೀ ವ್ಯಾಪ್ತಿಯನ್ನು ಆಗಾಗ ಒಮ್ಮೆ ಜಾಲಾಡುವ ಇನ್ನೊಂದು ವಿಧಾನದ ವಿರಳ ಅಳತೆಗಳಿಂದ ಅಂದಿನ ವೇಗ ಸೆಕೆಂಡಿಗೆ 1,850 ಕಿ.ಮೀ. ಮೀರಿತ್ತು ಎಂದು ತಿಳಿದದ್ದು ಆಮೇಲೆ. ಆ ವೇಗಕ್ಕೆ ಎಲ್‌-1ರ ಎಚ್ಚರಿಕೆ ಹದಿಮೂರು ನಿಮಿಷ.

ಅಳತೆಗೋಲು

ಆ ದೃಷ್ಟಿಯಿಂದ ಡಿಸ್ಕವರ್ ನೌಕೆಯಲ್ಲಿ ಫ್ಯಾರಡೇ ಬಟ್ಟಲು ಇಟ್ಟದ್ದು ಯುಕ್ತವಾಯಿತು ಎನ್ನಬಹುದು. ಒಂದೊಂದು ಕಣವನ್ನು ಎಣಿಸದೆ ಒಟ್ಟು ಪ್ರವಾಹವನ್ನು ಅಳೆಯುವುದರಿಂದ, ತೂರಿಬಂದ ವಿರಳ ಪ್ರೋಟಾನುಗಳು ಅದರ ಲೆಕ್ಕ ಕೆಡಿಸಲಾರವು. ಆದರೆ ಆ ನೌಕೆಯ ಕಥೆಯೂ ಸುಗಮವಾದದ್ದಲ್ಲ. 1998ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಪ್ರಸ್ತಾಪಿಸಿದ ಟ್ರಿಯಾನಾ ಎಂಬ ನೌಕೆ ರಾಜಕೀಯದ ಕಾರಣಕ್ಕೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತು, ಹೆಸರು ಬದಲಿಸಿಕೊಂಡು 2015ರ ಫೆಬ್ರವರಿ 11ರಂದು ಮೇಲೇರಿತು. 2019ರ ಜೂನ್ ಕೊನೆಯಿಂದ 2020ರ ಮಾರ್ಚ್‌ವರೆಗೆ ದಿಕ್ಕು ಹಿಡಿಯುವ ವ್ಯವಸ್ಥೆಯ ದೋಷದಿಂದ ಸುಮ್ಮನಿತ್ತು, 2025ರ ಜುಲೈನಲ್ಲಿ ಮತ್ತೆ ಕೈಕೊಟ್ಟಿತು. ಎರಡೂ ಸಲ ಜಗತ್ತು ಆತುಕೊಂಡದ್ದು ಅದಕ್ಕಿಂತ ಹದಿನೇಳು ವರ್ಷ ಹಳೆಯದಾದ ಏಸ್‌ ಅನ್ನು. 2025ರ ಸೆಪ್ಟೆಂಬರ್ 24ರಂದು ಐಮ್ಯಾಪ್ ನೌಕೆಯ ಜೊತೆ ಒಂದೇ ರಾಕೆಟ್ಟಿನಲ್ಲಿ ಎಸ್‌ಡಬ್ಲ್ಯುಎಫ್ಒ-ಎಲ್‌1 ಎಂಬ ಹೊಸ ಕಾವಲು ನೌಕೆ ಹೊರಟಿದ್ದು ಇದೇ ಭಯದಿಂದ.

ತಂತಿಮಾರ್ಗ

ಉಪಗ್ರಹಗಳ ನಿರ್ವಹಣೆಯ ಕಡೆಯಿಂದ ಒಂದು ಮಾತು. ಅರ್ಧ ಗಂಟೆಯಲ್ಲಿ ಏನು ಮಾಡಲು ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ, ಮಾಡುವುದು ಸಾಕಷ್ಟಿದೆ. ಬಯಲುನಕ್ಷತ್ರ ಅವರ ಊರಿನಲ್ಲಿಯೇ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರವಿದೆ. ಆ ಉಪಗ್ರಹಗಳು ಭೂಮಿಯ ಕೇಂದ್ರದಿಂದ 6.6 ತ್ರಿಜ್ಯದಲ್ಲಿರುತ್ತವೆ, ಕಾಂತಗೋಳದ ಸೂರ್ಯನ ಕಡೆಯ ಅಂಚು ಸಾಮಾನ್ಯವಾಗಿ ಹತ್ತು ತ್ರಿಜ್ಯದಲ್ಲಿ. 2024ರ ಮೇ 10ರಂದು ಆ ಅಂಚು ಐದು ತ್ರಿಜ್ಯದ ಸುಮಾರಿಗೆ ಒತ್ತಿಹೋಯಿತು. ಅಂದರೆ ಹಗಲ ಬದಿಯಲ್ಲಿದ್ದ ಭೂಸ್ಥಿರ ಉಪಗ್ರಹಗಳು ಕಾಂತಗೋಳದಿಂದ ಹೊರಬಿದ್ದು ಸೌರಮಾರುತಕ್ಕೆ ನೇರವಾಗಿ ಒಡ್ಡಿಕೊಂಡವು. ಅಂಥ ಹೊತ್ತಿನಲ್ಲಿ ಕಕ್ಷೆ ತಿದ್ದುವ ಆದೇಶ ಕಳಿಸುವುದನ್ನು ಮುಂದೂಡುವುದು, ಸೂಕ್ಷ್ಮ ಉಪಕರಣಗಳನ್ನು ಆರಿಸುವುದು, ಪಾಳಿಯ ಜನರನ್ನು ಹೆಚ್ಚಿಸುವುದು ಇವಕ್ಕೆಲ್ಲ ಮೂವತ್ತು ನಿಮಿಷ ಸಾಲುತ್ತದೆ.

ಸಾಲದ ಕೆಲಸಗಳೂ ಇವೆ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ಕೆಳಕಕ್ಷೆಯಲ್ಲಿ ವಾಯುಮಂಡಲ ಉಬ್ಬಿದ ಕಾರಣ ಬಿದ್ದು ಸುಟ್ಟುಹೋದವು. ಆ ಬಿರುಗಾಳಿ ದೊಡ್ಡದೇನೂ ಆಗಿರಲಿಲ್ಲ. ಉಡಾವಣೆಯನ್ನು ತಡೆಯುವ ನಿರ್ಧಾರಕ್ಕೆ ಒಂದು ದಿನದ ಮುನ್ಸೂಚನೆ ಬೇಕು, ಎಲ್‌-1 ಅದನ್ನು ಕೊಡಲಾರದು.

ಹಳೆಯಕಡತ

ಇನ್ನೂ ಮುಂದೆ ಹೋಗಿ ಅಳೆಯಬಾರದೇ ಎಂಬ ಪ್ರಶ್ನೆ ಸಹಜ. ತೊಡಕು ಕಕ್ಷೆಯದು: ಎಲ್‌-1ಕ್ಕಿಂತ ಸೂರ್ಯನ ಕಡೆಗೆ ಸರಿದ ನೌಕೆ ಗೆರೆಯ ಮೇಲೆ ನಿಲ್ಲದೆ ಓಡಿಹೋಗುತ್ತದೆ. ಬಿಸಿಲಿನ ಒತ್ತಡವನ್ನೇ ಬಳಸಿ ನಿಲ್ಲಿಸುವ ಸೌರಪಟದ ನೌಕೆ ಸನ್‌ಜ್ಯಾಮರ್ 2014ರಲ್ಲಿ ಉಡಾವಣೆಗೆ ಮೊದಲೇ ರದ್ದಾಯಿತು. ಸದ್ಯಕ್ಕೆ ಅದೃಷ್ಟವೇ ಗತಿ. ಮೇ 2024ರಲ್ಲಿ ಸ್ಟೀರಿಯೋ-ಎ ನೌಕೆ ಭೂಮಿಗಿಂತ ಸೂರ್ಯನಿಗೆ ತುಸು ಹತ್ತಿರದಲ್ಲಿ, ಹನ್ನೆರಡು ಡಿಗ್ರಿಯಷ್ಟು ಮುಂದೆ ಇತ್ತು. ಎಲ್‌-1ಕ್ಕಿಂತ ಸುಮಾರು ಎರಡೂವರೆ ಗಂಟೆ ಮೊದಲೇ ಆಘಾತ ಅದನ್ನು ದಾಟಿತ್ತು. ಸೋಲಾರ್ ಆರ್ಬಿಟರ್ ಸೂರ್ಯ-ಭೂಮಿಯ ಗೆರೆಯನ್ನು ಅರ್ಧ ದಾರಿಯಲ್ಲಿ ದಾಟುತ್ತಿದ್ದಾಗ ಅದರ ಮ್ಯಾಗ್ನೆಟೋಮೀಟರ್ ಅಳತೆಯನ್ನು ಆಗಿಂದಾಗಲೇ ಇಳಿಸಿಕೊಂಡು ಸ್ಫೋಟದ ಮೋಡ ಭೂಮಿಗೆ ಬರುವ ಹೊತ್ತನ್ನು ಮುಂಚಿತವಾಗಿ ಹೇಳಿದ ಪ್ರಯೋಗವೂ ನಡೆದಿದೆ. ಭೂಮಿಗಿಂತ ಹತ್ತಿರದ ಕಕ್ಷೆಯಲ್ಲಿ ಐದಾರು ಚಿಕ್ಕ ನೌಕೆಗಳನ್ನು ಸಾಲಾಗಿ ಸುತ್ತಿಸಿ, ಯಾವುದಾದರೊಂದು ಸದಾ ಗೆರೆಯ ಹತ್ತಿರ ಇರುವಂತೆ ಮಾಡುವ ಯೋಚನೆ ನನಗೆ ಹೆಚ್ಚು ಪ್ರಾಯೋಗಿಕವೆನಿಸುತ್ತದೆ.

ಬಯಲುನಕ್ಷತ್ರ

ವಿದ್ಯಾರ್ಥಿಗಳು ತಾವೇ ಮೇ 10ರ ದತ್ತಾಂಶ ಇಳಿಸಿಕೊಂಡು ನಕ್ಷೆ ಬಿಡಿಸಲು ಹೊರಟಿದ್ದಾರೆ. ಎಚ್ಚರ ವಹಿಸಬೇಕಾದದ್ದೇನಾದರೂ ಇದ್ದರೆ ತಿಳಿಸಿ.

ಅಳತೆಗೋಲು

ಕಾಲವೆಲ್ಲ ವಿಶ್ವಮಾನ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಸೇರಿಸಿಕೊಳ್ಳಲಿ. ಅಂದು ಆಘಾತ ಎಲ್‌-1ನ್ನು ದಾಟಿದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತು ಕಳೆದ ಸ್ವಲ್ಪ ಹೊತ್ತಿಗೆ, ನೆಲದ ಮೇಲಿನ ಕಾಂತಮಾಪಕಗಳು ಜಿಗಿದದ್ದು ಹತ್ತೂವರೆಯ ಸುಮಾರಿಗೆ. ಬಿ-ಝಡ್ ಎರಡು ನಿರ್ದೇಶಾಂಕ ವ್ಯವಸ್ಥೆಗಳಲ್ಲಿ ಸಿಗುತ್ತದೆ. ಭೂಮಿಯ ಕಾಂತಾಕ್ಷದ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಿಎಸ್‌ಎಂ ಅನ್ನೇ ಆರಿಸಲಿ, ಜಿಎಸ್‌ಇ ಬೇಡ. ಏಸ್‌ನ ನೇರ ಕೋಷ್ಟಕವನ್ನು ಬಳಸುವುದಾದರೆ ಅಲ್ಲಿ ಬಿ-ಝಡ್‌ನ ಜಾಗದಲ್ಲಿ ಮೈನಸ್ 999.9, ವೇಗದ ಜಾಗದಲ್ಲಿ ಮೈನಸ್ 9999.9 ಎಂಬ ಅಂಕಿಗಳು ಕಾಣಿಸಬಹುದು. ಅಳತೆ ಸಿಗದ ನಿಮಿಷಗಳಿಗೆ ಇಟ್ಟ ಗುರುತು ಅವು. ಅವನ್ನು ತೆಗೆಯದೆ ನಕ್ಷೆ ಬಿಡಿಸಿದರೆ ಉಳಿದದ್ದೆಲ್ಲ ಒಂದೇ ಗೆರೆಯಾಗಿ ಚಪ್ಪಟೆಯಾಗುತ್ತದೆ. ತೆಗೆದ ಜಾಗವನ್ನು ಅಕ್ಕಪಕ್ಕದ ಬಿಂದುಗಳಿಂದ ತುಂಬದೆ ಖಾಲಿಯಾಗಿಯೇ ಬಿಡಲು ಹೇಳಿ.